ಮುಚ್ಚಿದ ಬಾಗಿಲು ಮತ್ತು ವೈದ್ಯನಾಗಬಯಸುವ ವಿದ್ಯಾರ್ಥಿ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ನಮ್ಮ ಪರಂಪರೆಯಲ್ಲಿ ವಿಶೇಷ ಗೌರವವಿದೆ. ಉಗ್ರಾದಿತ್ಯಾಚಾರ್ಯರು ಮದ್ಯಮಾಂಸಗಳನ್ನು ವರ್ಜಿಸಿದ ಚಿಕಿತ್ಸಾಕ್ರಮವನ್ನು 'ಕಲ್ಯಾಣಕಾರಕ'ದಲ್ಲಿ ನಿರೂಪಿಸಿದರು. ಮಂಗರಾಜನು ವಿಷವೈದ್ಯವನ್ನು ಕುರಿತು ಕನ್ನಡದಲ್ಲಿಯೇ 'ಖಗೇಂದ್ರಮಣಿದರ್ಪಣ'ವನ್ನು ರಚಿಸಿದನು. ಇಂತಹ ಪರಂಪರೆಯ ಮನೆಯಲ್ಲಿ ಮಗನೋ ಮಗಳೋ ವೈದ್ಯರಾಗಬೇಕೆಂದು ಹಂಬಲಿಸಿದರೆ ತಾಯಿತಂದೆಗಳು ಹಿಗ್ಗುವುದು ಸಹಜ.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಪಿ.ಯು.ಸಿ. ವಿಜ್ಞಾನ ವಿದ್ಯಾರ್ಥಿಯು ಇಂದು ನೀಟ್ ಪರೀಕ್ಷೆಯ 720 ಅಂಕಗಳ ಬೆನ್ನು ಹತ್ತಿದ್ದಾನೆ. ಆ ಪರೀಕ್ಷೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಅಳೆಯುತ್ತದೆ. ನರಳುವವನ ಮುಂದೆ ನಿಲ್ಲುವ ಮನೋಬಲವನ್ನು ಅಳೆಯುವುದಿಲ್ಲ. ಆದ್ದರಿಂದ ಪರಿಚಿತ ವೈದ್ಯರ ದವಾಖಾನೆಯಲ್ಲಿ ಕೆಲವು ದಿನ ನಿಂತು ನೋಡಲೆಂದು ಮಕ್ಕಳನ್ನು ಕಳುಹಿಸುವ ವಿಚಾರ ಯೋಗ್ಯವೇ ಆಗಿದೆ. ಅಮೆರಿಕದಲ್ಲಿ ವೈದ್ಯಶಿಕ್ಷಣ ಬಯಸುವವರು ಇಂತಹ ಅನುಭವ ಪಡೆದಿರಬೇಕೆಂದು ಸಾಮಾನ್ಯವಾಗಿ ನಿರೀಕ್ಷಿಸಲಾಗುತ್ತದೆ. ನಮ್ಮ ದೇಶದಲ್ಲಿಯೂ 2019ರಿಂದ ಪಠ್ಯಕ್ರಮವು ಎಂ.ಬಿ.ಬಿ.ಎಸ್.ನ ಮೊದಲ ವರ್ಷದಿಂದಲೇ ವಿದ್ಯಾರ್ಥಿಯನ್ನು ರೋಗಿಯ ಬಳಿಗೆ ಕರೆದೊಯ್ಯುತ್ತದೆ. ಆದರೆ ಅಲ್ಲಿ ವಿದ್ಯಾರ್ಥಿಯು ಕಾಲೇಜಿನ ಶಿಸ್ತಿಗೆ ಒಳಪಟ್ಟವನು. ಪಿ.ಯು.ಸಿ. ಓದುವ ಬಾಲಕನನ್ನು ಬಂಧಿಸುವುದು ಅವನ ಆತ್ಮಸಾಕ್ಷಿಯೊಂದೇ.

ಒಂದು ಪ್ರಸಂಗವನ್ನು ಊಹಿಸೋಣ. ಮೂಡಲಗಿಯ ಹುಡುಗಿಯೊಬ್ಬಳು ವೈದ್ಯರ ಕುರ್ಚಿಯ ಹಿಂದೆ ನಿಂತಿದ್ದಾಳೆ. ಅದೇ ಓಣಿಯ ಮಹಿಳೆಯೊಬ್ಬಳು ಒಳಗೆ ಬಂದು, ಆ ಪರಿಚಿತ ಮುಖವನ್ನು ಕಂಡು, "ಏನಿಲ್ಲರೀ ಡಾಕ್ಟರ, ಬರೇ ತಲಿ ನೋಯತೈತ್ರಿ" ಎಂದು ಮಾತ್ರೆ ಬರೆಸಿಕೊಂಡು ಹೊರಟುಹೋಗುತ್ತಾಳೆ. ಹೇಳಬೇಕೆಂದು ಬಂದದ್ದು ಬೇರೆಯೇ ಇತ್ತು. ಮಹಾನಗರದಲ್ಲಿ ನೋಡುವವನು ಅಪರಿಚಿತ; ನಮ್ಮ ಊರುಗಳಲ್ಲಿ ಅವನು ನೆರೆಮನೆಯವರ ಮಗ. ಹುಡುಗಿ ಯಾರನ್ನೂ ನೋಯಿಸಲಿಲ್ಲ, ಒಂದು ಮಾತನ್ನೂ ಆಡಲಿಲ್ಲ. ಆದರೂ ಅವಳ ಇರುವಿಕೆಯಿಂದಲೇ ಒಂದು ರೋಗ ಮುಚ್ಚಿಹೋಯಿತು. ಇದರಲ್ಲಿ ದೋಷವುಂಟೆ?

ಉಮಾಸ್ವಾಮಿಗಳು 'ತತ್ತ್ವಾರ್ಥಸೂತ್ರ'ದ ಏಳನೆಯ ಅಧ್ಯಾಯದಲ್ಲಿ ಸ್ತೇಯದ ಲಕ್ಷಣವನ್ನು ಹೇಳುವಾಗ ವಸ್ತುವಿನ ಬೆಲೆಯನ್ನು ಎಣಿಸುವುದಿಲ್ಲ. ಕೊಡದಿರುವುದನ್ನು ತೆಗೆದುಕೊಳ್ಳುವ ಅದತ್ತಾದಾನವೇ ಅಲ್ಲಿ ಕಳವು. ಇದಕ್ಕೆ ವ್ಯಾಖ್ಯಾನ ಬರೆದ ಪೂಜ್ಯಪಾದಾಚಾರ್ಯರು 'ಸರ್ವಾರ್ಥಸಿದ್ಧಿ'ಯಲ್ಲಿ ಸೂಕ್ಷ್ಮವಾದ ಶಂಕೆಯೊಂದನ್ನು ಎತ್ತುತ್ತಾರೆ: ಭಿಕ್ಷುವು ಊರಿನ ಬೀದಿ, ದ್ವಾರಗಳನ್ನು ಪ್ರವೇಶಿಸುವುದೂ ಅದತ್ತಾದಾನವಾಗದೆ? ಅವು ಎಲ್ಲರಿಗೂ ತೆರೆದಿರುವುದರಿಂದ ದೋಷವಿಲ್ಲ, ಮುಚ್ಚಿದ ಬಾಗಿಲೊಳಗೆ ಭಿಕ್ಷುವು ಹೋಗುವುದಿಲ್ಲ ಎಂಬುದು ಅವರ ಸಮಾಧಾನ. ರೋಗಿಯ ದೇಹ ಮತ್ತು ದುಃಖ ಇಂತಹ ಮುಚ್ಚಿದ ಬಾಗಿಲು. ವೈದ್ಯನಿಗಾಗಿ ತೆರೆದುದು ಅವನ ಹಿಂದೆ ನಿಂತವನಿಗೂ ತೆರೆಯಿತೆಂದು ಭಾವಿಸಲಾಗದು.

"ರೋಗಿ ಬೇಡವೆನ್ನಲಿಲ್ಲವಲ್ಲ" ಎಂದು ಕೆಲವರು ಹೇಳಬಹುದು. ಬೇಡವೆನ್ನದಿರುವುದು ಕೊಟ್ಟಂತಲ್ಲ. ಎದುರಿಗೆ ನಿಂತ ಮಗುವಿನ ಮುಖ ನೋಡಿ 'ಹೊರಗೆ ಹೋಗು' ಎನ್ನಲು ನಮ್ಮ ಜನರಿಗೆ ದಾಕ್ಷಿಣ್ಯ ಅಡ್ಡಬರುತ್ತದೆ. ಆದ್ದರಿಂದ ವಿದ್ಯಾರ್ಥಿ ಹೊರಗಿರುವಾಗಲೇ ವೈದ್ಯರು ರೋಗಿಯನ್ನು ಕೇಳಬೇಕು. ಒಪ್ಪಿದರೆ ಮಾತ್ರ ಅವನನ್ನು ಒಳಗೆ ಕರೆಯಬೇಕು. ಯಾರೂ ನೋಡದಿದ್ದರೆ ನಾಳಿನ ವೈದ್ಯರು ಎಲ್ಲಿಂದ ಬರಬೇಕೆಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಗೌರವದಿಂದ ಕೇಳಿದರೆ ಅನೇಕರು ಸಂತೋಷದಿಂದಲೇ ಒಪ್ಪುತ್ತಾರೆ. ಆಗ ರೋಗಿಯೇ ದಾನಿಯಾಗುತ್ತಾನೆ. ಅವನು ಕೊಡುವುದು ಒಂದು ಬಗೆಯ ಶಾಸ್ತ್ರದಾನ, ವಿದ್ಯಾರ್ಥಿಯು ಅದರ ಋಣಿ.

ಇನ್ನೊಂದು ಮಾತು. ಸಾಮಾನ್ಯ ವಾರ್ಡಿನ ಬಡವನನ್ನು ಕೇಳದೆ ತೋರಿಸಿ, ವಿಶೇಷ ಕೋಣೆಯ ಸಿರಿವಂತನ ಬಾಗಿಲನ್ನು ಮಾತ್ರ ತಟ್ಟುವುದಾದರೆ ಅದು ಕಲಿಕೆಯಲ್ಲ, ಬಡತನದ ಮೇಲಿನ ಸುಂಕ. ಸರ್ವಜೀವಸಮಭಾವವನ್ನು ನುಡಿಯುವ ನಾವು ಈ ಭೇದವನ್ನು ಸಹಿಸಬಾರದು.

ವಿದ್ಯಾರ್ಥಿಗೂ ವ್ರತಗಳುಂಟು. ಕಂಡುದನ್ನು ಮನೆಯಲ್ಲಾಗಲಿ ಗೆಳೆಯರಲ್ಲಾಗಲಿ ಹೇಳಬಾರದು, ಮೊಬೈಲನ್ನು ಹೊರಗಿಡಬೇಕು. 2002ರ ವೃತ್ತಿನಡತೆಯ ನಿಯಮಾವಳಿ ರೋಗಿಯ ಗುಟ್ಟನ್ನು ಕಾಯುವ ಹೊಣೆಯನ್ನು ವೈದ್ಯನಿಗೆ ಹೊರಿಸಿದೆ; ಅವನ ನೆರಳಿನಲ್ಲಿ ನಿಂತವನು ಅದನ್ನು ತಾನಾಗಿ ಹೊರಬೇಕು. ಗಂಟೆಗಳನ್ನು ಎಣಿಸಿ ಪ್ರಮಾಣಪತ್ರ ಕೂಡಿಹಾಕುವುದೂ ಪರಿಗ್ರಹವೇ. ಒಳಗೆ ಪ್ರವೇಶ ದೊರೆಯದ ದಿನ ಹೊರಗಿನ ಬಾಕಿನ ಮೇಲೆ ಕುಳಿತ ವೃದ್ಧನಿಗೆ ನೀರು ಕೊಟ್ಟು, ಅವನ ಚೀಟಿ ಓದಿ ಹೇಳಿದರೆ ಆ ದಿನ ವ್ಯರ್ಥವಾಗದು.

ಬಸದಿಗಳ ಟ್ರಸ್ಟುಗಳು ನಡೆಸುವ ಉಚಿತ ಆರೋಗ್ಯ ತಪಾಸಣಾ ಶಿಬಿರಗಳಿಗೂ ಇದು ಅನ್ವಯಿಸುತ್ತದೆ. ಸಮುದಾಯ ಭವನದಲ್ಲಿ ಸಾಲು ಮೇಜುಗಳನ್ನಿಟ್ಟು, ಒಬ್ಬರ ರೋಗವನ್ನು ಹತ್ತು ಜನ ಸ್ವಯಂಸೇವಕರು ಕೇಳುವಂತಾದರೆ ಔಷಧದಾನವು ಅಭಯದಾನವನ್ನು ಕಳೆದುಕೊಳ್ಳುತ್ತದೆ. ಪ್ರತಿ ಮೇಜಿಗೂ ಒಂದು ಪರದೆ ಕಟ್ಟಿಸಲು ಹೆಚ್ಚಿನ ಖರ್ಚಿಲ್ಲ. ಧರ್ಮಬಾಂಧವರು ಮುಂದಿನ ಶಿಬಿರದಲ್ಲಿ ಅಷ್ಟನ್ನಾದರೂ ಮಾಡಲಿ. ಆ ಪರದೆಯ ಹೊರಗೆ ಕರೆಗಾಗಿ ಕಾಯುತ್ತ ನಿಲ್ಲಲು ಕಲಿತ ಬಾಲಕನಿಗೆ ವೈದ್ಯಧರ್ಮದ ಮೊದಲ ಪಾಠ ದೊರೆತಿದೆಯೆಂದು ನಂಬಬಹುದು.