ಕಿಸೆಯ ಗಣಕಯಂತ್ರವೂ ದೇಶವ್ರತವೂ

ವ್ರತವನ್ನು ಕೊಂಡ ಶ್ರಾವಕನು ತಾನು ತ್ಯಜಿಸಿದ ವಸ್ತುವಿನ ಹೆಸರನ್ನು ಬಿಟ್ಟಂತಾಯಿತೋ, ಅದರ ಕೆಲಸವನ್ನು ಬಿಟ್ಟಂತಾಯಿತೋ? ಕಳೆದ ದಶಲಕ್ಷಣ ಪರ್ವದಲ್ಲಿ ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುವ ತರುಣ, ನನ್ನ ಹಳೆಯ ಶಿಷ್ಯನೊಬ್ಬನ ಮಗ. ಹತ್ತು ದಿನವೂ ಮನೆ, ಬಸದಿ, ಕಾರ್ಖಾನೆ ಇವುಗಳ ಆಚೆಗೆ ವ್ಯವಹರಿಸುವುದಿಲ್ಲವೆಂದು ದೇಶವ್ರತವನ್ನು ಕೊಂಡು, ಮೊಬೈಲ್ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದನು. ಆರನೆಯ ದಿನ ಅವನ ಕಿಸೆಯಲ್ಲಿ ಅಂಗೈಯಗಲದ ಯಂತ್ರವೊಂದು ಸದ್ದುಮಾಡಿತು.

“ಇದು ಫೋನಲ್ಲ ಮೇಷ್ಟ್ರೇ, ಸಣ್ಣ ಕಂಪ್ಯೂಟರು. ಸಿಮ್ಮೇ ಇಲ್ಲ” ಎಂದನು.

ಕಾರ್ಖಾನೆಯ ವೈಫೈ ಮೂಲಕ ಅದರಲ್ಲಿ ಊರಿನ ತಾಯಿಯೊಡನೆ ಮಾತು, ಗೆಳೆಯರಿಗೆ ಚಿತ್ರ, ಅಂಗಡಿಗೆ ಬೇಡಿಕೆ ಎಲ್ಲವೂ ನಡೆದಿದ್ದವು. ಅವನು ಸುಳ್ಳಾಡಿರಲಿಲ್ಲ, ಫೋನನ್ನು ಬಿಟ್ಟಿದ್ದೇನೆಂದೇ ನಂಬಿದ್ದನು.

ತತ್ತ್ವಾರ್ಥಸೂತ್ರವು ದೇಶವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಎಲ್ಲೆಯ ಹೊರಗಿನ ವಸ್ತುವನ್ನು ತರಿಸುವುದು ಆನಯನ. ಹೊರಗೆ ಆಳನ್ನು ಕಳುಹಿಸಿ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ಕೆಮ್ಮಿಯೋ ಕೂಗಿಯೋ ಹೊರಗಿನವರಿಗೆ ಸೂಚನೆ ಕೊಡುವುದು ಶಬ್ದಾನುಪಾತ. ಮೈತೋರಿಸಿ ಸನ್ನೆ ಮಾಡುವುದು ರೂಪಾನುಪಾತ. ಕಲ್ಲುಹೆಂಟೆ ಎಸೆದು ಎಚ್ಚರಿಸುವುದು ಪುದ್ಗಲಕ್ಷೇಪ. ಬಾಲ್ಯದಲ್ಲಿ ಇವನ್ನು ಬಾಯಿಪಾಠ ಮಾಡುವಾಗ, ಕೆಮ್ಮುವುದಕ್ಕೂ ದೋಷವೇ ಎಂದು ನಾವು ನಕ್ಕದ್ದುಂಟು. ಹೆಂಟೆಯೊಂದನ್ನು ಬಿಟ್ಟು ಉಳಿದ ನಾಲ್ಕನ್ನೂ ಆ ಯಂತ್ರ ಕುಳಿತಲ್ಲಿಯೇ ಮಾಡಿಸಿತ್ತು.

ಯಂತ್ರವನ್ನೇ ದೂಷಿಸುವುದು ಸುಲಭ. ಆದರೆ ಪೀಣ್ಯದ ನೆರೆಯ ಜಾಲಹಳ್ಳಿಯ ಹೆಸರಿನೊಡನೆ ಬೆಸೆದುಕೊಂಡ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 2004ರಲ್ಲಿ ‘ಅಮಿಡಾ ಸಿಂಪ್ಯೂಟರ್’ ಎಂಬ ಕಿಸೆಗಣಕವನ್ನು ತಯಾರಿಸಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರೂ ಎನ್‌ಕೋರ್ ಸಾಫ್ಟ್‌ವೇರ್‌ನವರೂ ಕೂಡಿ ರೂಪಿಸಿದ ಸಿಂಪ್ಯೂಟರಿನ ಮೊದಲ ಮಾದರಿ 2001ರಲ್ಲೇ ಹೊರಬಂದಿತ್ತು. ಅಕ್ಷರ ಬಾರದವರಿಗೂ ದೇಶಭಾಷೆಗಳಲ್ಲಿ ಓದಿ ಹೇಳಬೇಕು, ಒಂದು ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಬೇಕು ಎಂಬುದು ಅವರ ಎಣಿಕೆ. ಪ್ರತಿಯೊಬ್ಬನ ವಿವರವೂ ಅವನವನ ಸ್ಮಾರ್ಟ್ ಕಾರ್ಡಿನಲ್ಲಿ. ಕೆಲಸ ಮುಗಿದೊಡನೆ ಯಂತ್ರ ಮತ್ತೊಬ್ಬನ ಕೈಗೆ. (ಕಾರ್ಡಿನ ಮೇಲೆ ಮಮತ್ವ ಹುಟ್ಟದೆಂದು ನಾನು ಹೇಳಲಾರೆ.) ಅದು ಹೆಚ್ಚು ಮಾರಾಟವಾಗಲಿಲ್ಲ; ಒಬ್ಬೊಬ್ಬನಿಗೂ ತನ್ನದೇ ಆದ ಫೋನು ಜನರ ಕೈಹಿಡಿಯಿತು. ವಸ್ತುವಿನ ಗಾತ್ರವಾಗಲಿ ಹೆಸರಾಗಲಿ ಪರಿಗ್ರಹವನ್ನು ನಿರ್ಣಯಿಸದು; “ನನ್ನದು” ಎಂಬ ಹಿಡಿತವೇ ನಿರ್ಣಯಿಸುವುದು.

ಇಷ್ಟನ್ನೂ ಹೇಳಿದ ಮೇಲೆ ತರುಣನು ಯಂತ್ರವನ್ನು ಆರಿಸಿದನು. ಆಮೇಲೆ ಕೇಳಿದನು: “ಅಮ್ಮನಿಗೆ ಏನು ಹೇಳಲಿ? ಒಂದು ರಾತ್ರಿ ನನ್ನ ದನಿ ಕೇಳದಿದ್ದರೆ ಅವಳು ಊಟ ಮಾಡುವುದಿಲ್ಲ.”

ತಾಯಿಯೊಡನೆ ಮಾತಿಗೆ ಸಡಿಲಿಕೆ ಬೇಕಿದ್ದರೆ ವ್ರತ ಕೊಳ್ಳುವಾಗಲೇ ಅದನ್ನು ಹೇಳಿ, ಬೀರುವಿನ ಫೋನಿನಲ್ಲೇ ಮಾತನಾಡಬಹುದಾಗಿತ್ತು. ಅದು ಈ ಉಪಾಯಕ್ಕಿಂತ ಪ್ರಾಮಾಣಿಕ. ನಡುವೆ ಎಲ್ಲೆಯನ್ನು ಹಿಗ್ಗಿಸುವಂತಿಲ್ಲ. ಆದರೆ ವೃದ್ಧೆಯ ಉಪವಾಸಕ್ಕೆ ಕಾರಣನಾಗುವುದೂ ಹಿಂಸೆಯೇ. ಉಳಿದ ನಾಲ್ಕು ದಿನ ಮಾತಿಲ್ಲವೆಂದು ಒಮ್ಮೆ ತಿಳಿಸಿ, ಅದನ್ನೂ ದೋಷವೆಂದೇ ಒಪ್ಪಿ ಪ್ರತಿಕ್ರಮಣ ಮಾಡಿಕೊ ಎಂದೆನು. ಅವನು ಹಾಗೆಯೇ ಮಾಡಿದನು. ಮಾಡಿದವನಿಗೂ, ಮಾಡಿಸಿದವನಿಗೂ, ಒಪ್ಪಿದವನಿಗೂ ಕರ್ಮಬಂಧವುಂಟಷ್ಟೆ. ಆ ಸಂಜೆ ಅವನ ಪಕ್ಕದಲ್ಲಿ ನಾನೂ ಪ್ರತಿಕ್ರಮಣಕ್ಕೆ ಕುಳಿತೆನು.