ಅನ್ನದ ಋಣ: ಕೊಲ್ಹಾಪುರ ಸೀಮೆಯ ದಾಸೋಹ ಮತ್ತು ಬೋರ್ಡಿಂಗುಗಳು

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಸೀಮೆಯಲ್ಲಿ ಬಡವರಿಗೆ ಅನ್ನ, ಆಸರೆ ಕೊಟ್ಟ ಹಳೆಯ ನೆಲೆಗಳೆಂದರೆ ಅಂಬಾಬಾಯಿ ಗುಡಿಯ ಸುತ್ತಣ ಧರ್ಮಶಾಲೆಗಳು, ಮಠಗಳ ದಾಸೋಹ ಮತ್ತು ಬೋರ್ಡಿಂಗು ಎಂದೇ ಎಲ್ಲರೂ ಕರೆಯುವ ವಿದ್ಯಾರ್ಥಿ ವಸತಿಗೃಹಗಳು. ಇಂಥ ಕಡೆ ಉಂಡು ಬೆಳೆದವರ ಬಾಲ್ಯದ ನೆನಪಿನಲ್ಲಿ ಅನ್ನದ ರುಚಿಗಿಂತ ಗಟ್ಟಿಯಾಗಿ ಉಳಿಯುವುದು ಬೇರೆ ಸಂಗತಿ: ತಾಟು ಎಲ್ಲಿ ಇಟ್ಟರು, ಬಡಿಸಿದವರು ಯಾರು, ಪಕ್ಕದಲ್ಲಿ ಯಾರು ಕುಳಿತಿದ್ದರು. ಕೊಟ್ಟ ಅನ್ನ ಉಂಡವನನ್ನು ಸಣ್ಣವನನ್ನಾಗಿ ಮಾಡದಿರಬೇಕಾದರೆ ಅದನ್ನು ಹೇಗೆ ಕೊಡಬೇಕು ಎಂಬ ಧರ್ಮದ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ.

ಶಾಸ್ತ್ರಗಳು ದಾನವನ್ನು ಬಹುಮಟ್ಟಿಗೆ ಕೊಡುವವನ ಕಡೆಯಿಂದ ನೋಡಿವೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ದೇಶ, ಕಾಲ, ಪಾತ್ರ ನೋಡಿ, ಪ್ರತಿಫಲ ಬಯಸದೆ ಕೊಟ್ಟದ್ದನ್ನು ಸಾತ್ವಿಕ ದಾನ ಎನ್ನುತ್ತದೆ. ಜೈನರಲ್ಲಿ ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಿವೆ. ಶಿಲಾಹಾರರ ಕಾಲದಲ್ಲಿ, 12ನೆಯ ಶತಮಾನದ ಹೊತ್ತಿಗೆ, ಕೊಲ್ಹಾಪುರದ ಬಸದಿಗಳಿಗೆ ಪೂಜೆ, ಜೀರ್ಣೋದ್ಧಾರಗಳ ಜೊತೆಗೆ ಋಷಿಗಳ ಆಹಾರಕ್ಕೂ ಭೂಮಿ ಬಿಟ್ಟದ್ದಕ್ಕೆ ಶಾಸನಗಳಿವೆ. ಪಡೆಯುವವನು ಪಾತ್ರನೋ ಅಲ್ಲವೋ ಎಂಬುದು ಈ ಚಿಂತನೆಯಲ್ಲಿ ಮುಖ್ಯ. ಹಸಿದವನಿಗೆ ಕೈ ಚಾಚುವಾಗ ಏನನಿಸುತ್ತದೆ ಎಂಬುದು ಅದರ ಲೆಕ್ಕಕ್ಕೆ ಹೆಚ್ಚು ಬರುವುದಿಲ್ಲ.

ದಾಸೋಹ ಈ ಲೆಕ್ಕವನ್ನು ತಿರುವಿ ಹಾಕಿತು. ಇಲ್ಲಿ ಕೊಡುವವನೇ ದಾಸ. ತನ್ನದೆಂಬುದು ಏನೂ ಇಲ್ಲದ್ದರಿಂದ ಅವನು ಕೊಟ್ಟದ್ದು ದಾನವಾಗುವುದೇ ಇಲ್ಲ. ಪಡೆಯುವವನಿಗೂ ಕಾಯಕದ ಕಟ್ಟುಂಟು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಅವನು ಹೆಚ್ಚು ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ತಿರುಗಿ ಅಲ್ಲಿಯೇ ಸುರಿದು ಬರಲು ಹೇಳಿದಳೆಂಬ ಕಥೆ ಶರಣರ ಪರಂಪರೆಯಲ್ಲಿದೆ. ಬಡವಳೊಬ್ಬಳು ಬಸವಣ್ಣನವರ ಔದಾರ್ಯಕ್ಕೇ ಮಿತಿ ಹಾಕುತ್ತಾಳೆ. ಅನ್ನದ ವಿಷಯದಲ್ಲಿ ಪಡೆಯುವವರ ಘನತೆಯನ್ನು ಇಷ್ಟು ಎತ್ತರದಲ್ಲಿ ಇಟ್ಟ ಕಥೆಗಳು ಬೇರೆಡೆ ಅಪರೂಪ. ಇಂಗ್ಲೆಂಡಿನ 1834ರ ಬಡವರ ಕಾಯ್ದೆಯ ನೀತಿ ಇದಕ್ಕೆ ತದ್ವಿರುದ್ಧ: ಬಡವರ ದುಡಿಮೆಮನೆಯಲ್ಲಿ ಸಿಗುವ ಬದುಕು ಹೊರಗಿನ ಅತ್ಯಂತ ಬಡ ಕೂಲಿಯವನ ಬದುಕಿಗಿಂತ ಕೀಳಾಗಿಯೇ ಇರಬೇಕು, ಇಲ್ಲದಿದ್ದರೆ ಜನ ಸೋಮಾರಿಗಳಾಗುತ್ತಾರೆ ಎಂಬುದು ಅಲ್ಲಿನ ತರ್ಕ.

ಗಡಿಭಾಗದ ಲಿಂಗಾಯತ ಮಠಗಳು ದಾಸೋಹವನ್ನು ಪ್ರಸಾದನಿಲಯದ ರೂಪದಲ್ಲಿ ಮುಂದುವರಿಸಿದವು. ಬೆಳಗಾವಿಯಲ್ಲಿ ನಾಗನೂರು ಮಠದ ಶಿವಬಸವ ಸ್ವಾಮಿಗಳು 1932ರಲ್ಲಿ ಶುರುಮಾಡಿದ ಉಚಿತ ಪ್ರಸಾದನಿಲಯ ಇದಕ್ಕೆ ಹೆಸರುವಾಸಿ. ಇಂಥಲ್ಲಿ ಅಡುಗೆಗೆ ಬರುವ ಜೋಳ ಹಳ್ಳಿಗಳಿಂದ ಬರುತ್ತದೆ. ಸ್ವಾಮಿಗಳೇ ಜೋಳಿಗೆ ಹಿಡಿದು ಹೊರಡುತ್ತಾರೆ. ಹುಡುಗ ಉಣ್ಣುವ ರೊಟ್ಟಿಯನ್ನು ಅವನಿಗಿಂತ ಮೊದಲು ಗುರುವೇ ಬೇಡಿ ತಂದಿರುತ್ತಾನೆ. ತಾಟಿನಲ್ಲಿ ಒಂದಗುಳೂ ಬಿಡಬಾರದು. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ಬಳಿದು, ಆ ನೀರನ್ನು ಕುಡಿಯುವ ರೂಢಿಯೂ ಉಂಟು. ಎದುರಿಗಿರುವುದು ಪ್ರಸಾದ ಎಂಬ ಭಾವದಲ್ಲಿ ‘ಯಾರು ಕೊಟ್ಟರು’ ಎಂಬ ಪ್ರಶ್ನೆಯೇ ಹಿಂದೆ ಸರಿಯುತ್ತದೆ.

ವಾರಾನ್ನದಲ್ಲಿ ಹಾಗಿರಲಿಲ್ಲ. ವಾರಕ್ಕೆ ಏಳು ಮನೆ ಹಿಡಿದು ಉಣ್ಣುವ ಹುಡುಗನಿಗೆ ಪ್ರತಿ ದಿನ ಒಬ್ಬೊಬ್ಬ ಯಜಮಾನನ ಋಣ. ಆ ದಿನ ಆ ಮನೆಯವರು ಊರಲ್ಲಿರದಿದ್ದರೆ ಉಪವಾಸ. ಅದೂ ಬಹುತೇಕ ಬ್ರಾಹ್ಮಣ ಹುಡುಗರಿಗೆ ಮಾತ್ರ ದಕ್ಕಿದ ಸೌಕರ್ಯ. ಒಕ್ಕಲಿಗರ, ನೇಕಾರರ, ಅಸ್ಪೃಶ್ಯರ ಮಕ್ಕಳು ಓದಲು ಪೇಟೆಗೆ ಬಂದರೆ ಉಣಿಸುವ ಮನೆಯೇ ಇರಲಿಲ್ಲ.

ಈ ಕೊರತೆ ಕೊಲ್ಹಾಪುರದ ದೊರೆ ಶಾಹು ಮಹಾರಾಜರ (1874–1922) ಕಣ್ಣಿಗೆ ಬಿತ್ತು. 1896ರಲ್ಲಿ ಎಲ್ಲ ಜಾತಿಯವರಿಗೂ ಎಂದು ತೆರೆದ ವಸತಿಗೃಹ ಕೆಲವೇ ವರ್ಷಗಳಲ್ಲಿ ಬ್ರಾಹ್ಮಣ ವಿದ್ಯಾರ್ಥಿಗಳದ್ದೇ ಆಗಿ ಉಳಿಯಿತು. ಆಮೇಲೆ ಅವರು ಒಂದೊಂದು ಸಮಾಜಕ್ಕೂ ಬೇರೆ ಬೇರೆ ಬೋರ್ಡಿಂಗು ಕಟ್ಟಲು ನೆರವಾದರು: 1901ರಲ್ಲಿ ಮರಾಠಾ ಮತ್ತು ಜೈನ ಬೋರ್ಡಿಂಗುಗಳು, ಮುಂದೆ ಮುಸ್ಲಿಂ, ಲಿಂಗಾಯತ ಬೋರ್ಡಿಂಗುಗಳು, 1908ರಲ್ಲಿ ಅಸ್ಪೃಶ್ಯ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಹಾಸ್ಟೆಲ್. ಬೋರ್ಡಿಂಗುಗಳು ಮಾಡಿದ ಉಪಕಾರ ಅಪಾರ. ಆದರೆ ಹಸಿವು ಹಿಂಗಿತೇ ಹೊರತು ಪಂಕ್ತಿ ಒಡೆದೇ ಇತ್ತು.

ಒಡೆದ ಪಂಕ್ತಿಯ ಪೆಟ್ಟು ತಿಂದವರಲ್ಲಿ ಭಾವುರಾವ್ ಪಾಟೀಲರು ಒಬ್ಬರು. ಇಚಲಕರಂಜಿಗೆ ಸಮೀಪದ ಕುಂಭೋಜದಲ್ಲಿ 1887ರಲ್ಲಿ ಜೈನ ಮನೆತನದಲ್ಲಿ ಹುಟ್ಟಿದ ಅವರು ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದುತ್ತಿದ್ದರು. ಮಿಸ್ ಕ್ಲಾರ್ಕ್ ಹಾಸ್ಟೆಲಿನ ಸಮಾರಂಭಕ್ಕೆ ಹೋಗಿಬಂದಾಗ ಬೋರ್ಡಿಂಗಿನವರು ಮೈಲಿಗೆ ಕಳೆಯಲು ಸ್ನಾನ ಮಾಡೆಂದರು. ಅವರು ಒಪ್ಪಲಿಲ್ಲ, ಬೋರ್ಡಿಂಗು ಬಿಡಬೇಕಾಯಿತು. ಅನ್ನದ ಋಣ ತೋರಿಸಿ ಮನಸ್ಸನ್ನು ಕಟ್ಟಿಹಾಕಬಹುದೇ ಎಂಬ ಪ್ರಶ್ನೆಗೆ ಆ ಹುಡುಗ ಕೊಟ್ಟ ಉತ್ತರ ಅದು. 1919ರಲ್ಲಿ ಅವರು ರಯತ್ ಶಿಕ್ಷಣ ಸಂಸ್ಥೆ ಸ್ಥಾಪಿಸಿದರು. ಸಾತಾರಾದಲ್ಲಿ ಅವರು ತೆರೆದ ವಸತಿಗೃಹಕ್ಕೆ 1927ರಲ್ಲಿ ಗಾಂಧೀಜಿಯವರಿಂದ ಶಾಹು ಅವರ ಹೆಸರು ಬಂತು. ಅಲ್ಲಿ ಎಲ್ಲ ಜಾತಿಯ ಹುಡುಗರು ಸೇರಿ ಅಡುಗೆ ಮಾಡಿ, ಒಂದೇ ಸಾಲಿನಲ್ಲಿ ಕುಳಿತು ಉಂಡರು, ಓದಿಗಾಗಿ ದುಡಿದರು. ಕಾಳು ತೀರಿದಾಗ ಹೆಂಡತಿ ಲಕ್ಷ್ಮೀಬಾಯಿ ಒಡವೆಗಳನ್ನೂ, ಕಡೆಗೆ ಕೊರಳ ಮಂಗಳಸೂತ್ರವನ್ನೂ ಕೊಟ್ಟರು. ವಚನಕಾರರ ಕಾಯಕ–ದಾಸೋಹದ ಜೋಡಿಯೇ ಇಲ್ಲಿ ಬೇರೆ ಹೆಸರಿನಲ್ಲಿ ನಿಂತಿತ್ತು ಎಂದರೆ ತಪ್ಪಾಗದು. ಜೊತೆಗೆ ಪಂಕ್ತಿಯೂ ಕೂಡಿತ್ತು.

ಇನ್ನೊಂದು ದಾರಿ ಋಣವನ್ನೇ ಇಲ್ಲವಾಗಿಸುವುದು. ಮಗ್ಗದ ಕೆಲಸಕ್ಕೆ ಹೊರಗಿನಿಂದ ಇಚಲಕರಂಜಿಗೆ ಬಂದ ಕೂಲಿಯವರು ಖಾನಾವಳಿಯಲ್ಲಿ ತಿಂಗಳ ಲೆಕ್ಕ ಕೊಟ್ಟು ಉಣ್ಣುತ್ತಾರೆ. ಹಣ ಸಂದಿತೆಂದರೆ ಯಾರ ಹಂಗೂ ಇಲ್ಲ, ದುಡ್ಡು ಮುಗಿದರೆ ರೊಟ್ಟಿಯೂ ಇಲ್ಲ. 2013ರ ಆಹಾರ ಭದ್ರತಾ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯ ಬಿಸಿಯೂಟವನ್ನು ಹಕ್ಕನ್ನಾಗಿ ಮಾಡಿತು. ಹಕ್ಕಿನ ಅನ್ನಕ್ಕೆ ಯಾರಿಗೂ ಕೈಮುಗಿಯಬೇಕಿಲ್ಲ. ಆದರೂ ಬಡಿಸುವವರು ಯಾರು ಎಂಬ ತಕರಾರು ಹಲವೆಡೆ ಎದ್ದಿತು. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಆದಿವಾಸಿಗಳಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟು 2004ರಲ್ಲೇ ಆದೇಶಿಸಿತ್ತು.