ಕೊನೆಯ ಕೊಯ್ಲಿನ ಮೆಣಸಿನಕಾಯಿ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಆಗಸ್ಟ್ ಬಂತೆಂದರೆ ಅಂಗಡಿಗಳ ಮುಂದೆ, ರಸ್ತೆಬದಿಯಲ್ಲಿ ತಂತಿಬಲೆಯ ಪೀಪಾಯಿಗಳು ತಿರುಗತೊಡಗುತ್ತವೆ. ಪಕ್ಕದಲ್ಲಿ ಗ್ಯಾಸಿನ ಉರಿ, ಒಳಗೆ ಗೇಣುದ್ದದ ಹಸಿಮೆಣಸಿನಕಾಯಿ. ಸಿಪ್ಪೆ ಚಟಪಟ ಸಿಡಿದು, ಬೊಬ್ಬೆ ಎದ್ದು ಕಪ್ಪಾಗುತ್ತದೆ. ಬಿಸಿಯಿರುವಾಗಲೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿಟ್ಟರೆ ತನ್ನ ಹಬೆಯಲ್ಲೇ ಬೆವೆತು, ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಹಾಗೆ ಬೆರಳಿಗೇ ಸಿಪ್ಪೆ ಬಿಡುತ್ತದೆ. ಈ ಘಮವನ್ನು ಆ ರಾಜ್ಯ 2023ರಲ್ಲಿ ಕಾನೂನು ಮಾಡಿ ತನ್ನ ಅಧಿಕೃತ ಪರಿಮಳವೆಂದು ಸಾರಿತು. ಸುಟ್ಟ ಮೆಣಸಿನಕಾಯಿಗೆ ಅಂಥ ಗೌರವ!

ಸಿಪ್ಪೆ ಇಷ್ಟು ಸಲೀಸಾಗಿ ಬಿಡುವುದರ ಹಿಂದೆ ಒಬ್ಬ ಮನುಷ್ಯನ ಬೆವರಿದೆ. ಮೆಕ್ಸಿಕೊದಲ್ಲಿ ಹುಟ್ಟಿ, ಎಳವೆಯಲ್ಲೇ ತಬ್ಬಲಿಯಾಗಿ, ಅಜ್ಜಿಯ ಆಸರೆಯಲ್ಲಿ ಬೆಳೆದ ತೋಟಗಾರಿಕಾ ವಿಜ್ಞಾನಿ ಫ್ಯಾಬಿಯನ್ ಗಾರ್ಸಿಯಾ, ಸ್ಥಳೀಯ ತಳಿಗಳಿಂದ ವರ್ಷಗಟ್ಟಲೆ ಆರಿಸುತ್ತ ನುಣುಪಾದ, ತಿರುಳು ತುಂಬಿದ ಕಾಯಿಯನ್ನು ರೂಪಿಸಿದರು. ಅವರ 'ನ್ಯೂ ಮೆಕ್ಸಿಕೊ ನಂ. 9' ತಳಿ 1921ರ ಹೊತ್ತಿಗೆ ರೈತರ ಕೈ ಸೇರಿತ್ತು.

ರಿಯೊ ಗ್ರಾಂಡೆ ಕಣಿವೆಯ ಹ್ಯಾಚ್ ಎಂಬ ಪುಟ್ಟ ಊರು ಈ ಕಾಯಿಗೆ ಹೆಸರುವಾಸಿ. ಸೆಪ್ಟೆಂಬರ್ ಆರಂಭದ ಹೊತ್ತಿಗೆ ಅಲ್ಲಿ ಮೆಣಸಿನಕಾಯಿ ಹಬ್ಬ, ಜನಜಂಗುಳಿ. ಅಕ್ಟೋಬರಿನಲ್ಲಿ ಪೀಪಾಯಿಗಳು ಒಂದೊಂದಾಗಿ ನಿಲ್ಲುತ್ತವೆ. ಗಿಡದಲ್ಲೇ ಉಳಿದ ಕಾಯಿ ಕೆಂಪಾಗುತ್ತದೆ, ಒಣಗಿಸಲು, ಪುಡಿಗೆ ಹೋಗುತ್ತದೆ. ಸುಡಲು ಹಸಿರೇ ಬೇಕೆಂದು ಹುಡುಕುವವರಿಗೆ ಸಿಗುವುದು ಅಲ್ಲಲ್ಲಿ ಕೆಂಪೇರಿದ ಕಡೆಯ ಕೊಯ್ಲು.

ನಿಜವಾದ ರುಚಿ ಇರುವುದು ಅದರಲ್ಲೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಣ್ಣ ತಿರುಗುವಾಗ ಕಾಯಿಯಲ್ಲಿ ಸಕ್ಕರೆಯಂಶ ಕೂಡುತ್ತದೆ. ಖಾರದ ಬೆನ್ನಿಗೇ ಒಂದು ಸಣ್ಣ ಸಿಹಿ ನಾಲಿಗೆಗೆ ತಾಗುತ್ತದೆ. ಬಣ್ಣ ಒಂದೇ ಸಮ ಇಲ್ಲವೆಂದು ಬಿಟ್ಟುಹೋಗುವವರನ್ನು ಕಂಡರೆ ಸಂಕಟವಾಗುತ್ತದೆ. ಸಂಕಟ ರುಚಿಗಾಗಿ ಮಾತ್ರವಲ್ಲ. ಈ ಹಸಿರು ಕಾಯಿ ಬಹುಪಾಲು ಕೈಯಿಂದಲೇ ಕೀಳುವ ಬೆಳೆ. ಕೂಲಿಯಾಳುಗಳ ಕೊರತೆ, ಹೊರದೇಶದ ಅಗ್ಗದ ಮಾಲು ಎರಡೂ ಸೇರಿ 1990ರ ದಶಕದಿಂದ ಈಚೆಗೆ ಬಿತ್ತನೆ ಪ್ರದೇಶ ತೀರಾ ಕುಗ್ಗಿದೆ. ಕೊನೆಯ ಕೊಯ್ಲಿಗೂ ಗಿರಾಕಿ ಬಂದರಷ್ಟೇ ರೈತನಿಗೆ ಮುಂದಿನ ಬಿತ್ತನೆಯ ಧೈರ್ಯ.

ಆ ಸೀಮೆಯಲ್ಲಿ ನೆಲೆಸಿರುವ ಕನ್ನಡಿಗರೇ, ಅಕ್ಟೋಬರಿನಲ್ಲಿ ಪೀಪಾಯಿ ಇನ್ನೂ ತಿರುಗುತ್ತಿರುವುದು ಕಂಡರೆ ಗಾಡಿ ನಿಲ್ಲಿಸಿ, ಒಂದು ಮೂಟೆ ಸುಡಿಸಿಕೊಳ್ಳಿ. ಆರಿದ ಮೇಲೆ ಸಿಪ್ಪೆ ಸಮೇತ ಫ್ರೀಜರಿಗೆ ಹಾಕಿ. ಬೇಕಾದಾಗ ತೆಗೆದರೆ, ಹಿಮ ಕರಗುತ್ತಲೇ ಸಿಪ್ಪೆ ತಾನಾಗಿ ಬಿಡುತ್ತದೆ.